ದಾಲ್ವಿಕಿಯಾ ಕುಲದ ಹೂವು

ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸುವುದು ನನ್ನ ಕೆಲಸ. ಇಪ್ಪತ್ತೆರಡನೇ ವಯಸ್ಸಿಗೆ ವಿಶ್ವವಿದ್ಯಾಲಯದ ಸಸ್ಯಸಂಗ್ರಹಾಲಯ ಸೇರಿದವಳು, ನಲವತ್ತಾರಾದರೂ ಅದೇ ಕಿಟಕಿಯ ಪಕ್ಕದ ಅದೇ ಮೇಜಿನಲ್ಲಿದ್ದೇನೆ. ಹಾಳೆಯ ಮೇಲೆ ಗಿಡ ಹುಡುಕಿ ತಂದವನ ಹೆಸರಿರುತ್ತದೆ, ಗಿಡಕ್ಕೆ ಹೆಸರಿಟ್ಟವನ ಹೆಸರಿರುತ್ತದೆ, ಆ ಹೆಸರೇ ತಪ್ಪೆಂದು ಆಮೇಲೆ ಜಗಳ ತೆಗೆದವನ ಹೆಸರೂ ಇರುತ್ತದೆ. ಅಂಟಿಸಿದವಳ ಹೆಸರು ಮಾತ್ರ ಎಲ್ಲೂ ಇರುವುದಿಲ್ಲ. ಅದಕ್ಕಾಗಿ ನಾನು ಎಂದೂ ಮುಖ ಊದಿಸಿಕೊಂಡವಳಲ್ಲ. ನಿಜ ಹೇಳಬೇಕೆಂದರೆ, ಒಂದು ಹಾಳೆಯ ಮಟ್ಟಿಗೆ ಅದೇ ನನ್ನನ್ನು ಇಪ್ಪತ್ನಾಲ್ಕು ವರ್ಷ ಕಾಪಾಡಿತು.

ಹೆಸರಿಡುವವರ ಬುದ್ಧಿ ನನಗೆ ಚೆನ್ನಾಗಿ ಗೊತ್ತು. ಗಿಡಗಳಿಗೆ ಲ್ಯಾಟಿನ್ ಹೆಸರಿಡುವ ಪದ್ಧತಿ ತಂದ ನಮ್ಮ ದೇಶದ ಲಿನೇಯಸ್ ಹಾಕಿಕೊಟ್ಟ ದಾರಿ ಅದು. ಎಲೆಯ ನಡುವೆ ಸೀಳಿ ಎರಡು ಸಮ ಹೋಳಾಗಿ ಕಾಣುವ ಮರಕ್ಕೆ ಆತ ಬೌಹಿನ್ ಎಂಬ ಇಬ್ಬರು ಅಣ್ಣತಮ್ಮಂದಿರ ಹೆಸರಿಟ್ಟು ಬೌಹಿನಿಯಾ ಎಂದು ಕರೆದ. ಎರಡು ಎಸಳು ದೊಡ್ಡದಾಗಿ, ಮೂರನೆಯದು ಕಂಡೂ ಕಾಣದಷ್ಟು ಸಣ್ಣದಾಗಿರುವ ನೀಲಿ ಹೂವಿಗೆ ಕೊಮ್ಮೆಲಿನ್ ಮನೆತನದ ಮೂವರ ಹೆಸರು. ಅವರಲ್ಲಿ ಇಬ್ಬರು ದೊಡ್ಡ ಹೆಸರು ಮಾಡಿದರು, ಮೂರನೆಯವನು ಏನೂ ಮಾಡುವ ಮೊದಲೇ ಸತ್ತ. ತನ್ನನ್ನು ಬೈದು ಬರೆದ ಸೀಗೆಸ್‌ಬೆಕ್ ಎಂಬಾತನ ಹೆಸರನ್ನು ಮುಟ್ಟಿದರೆ ಅಂಟಿಕೊಳ್ಳುವ ಒಂದು ಕಳೆಗಿಡಕ್ಕೆ ಇಟ್ಟನಂತೆ. ನಮ್ಮವರು ಈಗಲೂ ಕಾಫಿ ಕುಡಿಯುವಾಗ ಅದನ್ನು ಹೇಳಿ ನಗುತ್ತಾರೆ. ಆದರೆ ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವಂತಿಲ್ಲ, ಹಾಗೆ ಮಾಡಿದವನನ್ನು ಯಾರೂ ಮೂಸುವುದಿಲ್ಲ. ಇನ್ನೊಬ್ಬರು ಇಡಬೇಕು. ಹೀಗೆ ನಮ್ಮ ಬೀರುಗಳ ತುಂಬ ಜನರ ಸ್ನೇಹ, ಹಗೆ, ದುಃಖ ಎಲ್ಲವೂ ಲ್ಯಾಟಿನ್ ಬಾಲ ಕಟ್ಟಿಕೊಂಡು ಮಲಗಿವೆ.

ಮೂರನೇ ಮಹಡಿಯ ಹದಿನಾರನೇ ಬೀರುವಿನಲ್ಲಿ ದಾಲ್ವಿಕಿಯಾ ಎಂಬ ಸಸ್ಯಕುಲ ಇತ್ತು. ಇಡೀ ಕುಲಕ್ಕೆ ಇದ್ದದ್ದು ಒಂದೇ ಹಾಳೆ. ಫೋಲ್ಕೆ ದಾಲ್ವಿಕ್ ಎಂಬ ವಿದ್ಯಾರ್ಥಿ ಬೊಲಿವಿಯದ ಬೆಟ್ಟಗಳಲ್ಲಿ ಗಿಡ ಕೂಡಿಸುತ್ತ, ೧೯೩೬ರಲ್ಲಿ ಜ್ವರ ಬಂದು ಅಲ್ಲೇ ತೀರಿಕೊಂಡ. ಆಗ ಅವನಿಗೆ ಇಪ್ಪತ್ನಾಲ್ಕು. ದೇಹ ಬರಲಿಲ್ಲ, ಗಿಡದ ಪೆಟ್ಟಿಗೆಗಳು ಮಾತ್ರ ಹಡಗಿನಲ್ಲಿ ಬಂದವು. ನಾನು ಅವನನ್ನು ಕಂಡವಳಲ್ಲ. ಮಾರನೇ ವರ್ಷ ಪ್ರೊಫೆಸರ್ ಲಿಂಡ್‌ಮಾರ್ಕ್ ಆ ಪೆಟ್ಟಿಗೆಗಳಲ್ಲಿ ಜಗತ್ತಿಗೇ ಹೊಸದಾದ ಒಂದು ಕುಲವನ್ನು ಕಂಡುಹಿಡಿದು, ಸತ್ತ ಶಿಷ್ಯನ ಹೆಸರಿಟ್ಟರು. ಎಲೆ ನೋಡಿದರೆ ಕಾಫಿ ಗಿಡದ ಬಳಗ, ಹೂವು ನೋಡಿದರೆ ಆ ಬಳಗದಲ್ಲಿ ಯಾರಿಗೂ ಇಲ್ಲದ್ದು.

ಪ್ರತಿ ಮೇ ತಿಂಗಳು, ಫೋಲ್ಕೆ ಹುಟ್ಟಿದ ದಿನ, ಅವನ ತಾಯಿ ಹಿಲ್ಮಾ ದಾಲ್ವಿಕ್ ಎರಡು ಗಂಟೆ ರೈಲಿನಲ್ಲಿ ಬಂದು ಆ ಹಾಳೆಯ ಮುಂದೆ ಕೂರುತ್ತಿದ್ದಳು. ಸ್ಟೇಷನ್ ಮಾಸ್ತರರ ವಿಧವೆ, ನೆಂಟಸ್ತಿಕೆ ಇಲ್ಲದಿದ್ದರೂ ನಾನು ಅತ್ತೆ ಎಂದೇ ಕರೆಯುತ್ತಿದ್ದೆ. ರೈಲು ಎರಡು ನಿಮಿಷ ತಡವಾದರೆ ಇಡೀ ದೇಶ ಕೆಟ್ಟುಹೋಯಿತು ಎನ್ನುವ ಹೆಂಗಸು. ಏಲಕ್ಕಿ ಬನ್ನುಗಳ ಬುಟ್ಟಿ ತರುತ್ತಿದ್ದಳು. ಅದರಲ್ಲಿ ಅರ್ಧ ನನಗೆ, ಉಳಿದದ್ದು ಮಹಡಿಯ ಎಲ್ಲರಿಗೂ. ನಾನು ಹಾಳೆ ಹೊರತೆಗೆದು ಮೇಜಿನ ಮೇಲಿಡುವುದು, ಅವಳು ಕೈಗವಸು ಬಿಚ್ಚುವುದು, ಆಮೇಲೆ ಮಗನನ್ನು ಬೈಯುವುದು.

"ಏನೋ ಫೋಲ್ಕೆ, ಈ ವರ್ಷ ಇನ್ನೂ ಕಂದು ಆಗಿದೀಯ! ಗುನ್‌ವೊರ್, ಇವನಿಗೆ ಬಿಸಿಲು ತಾಗಿಸ್ತೀರಾ ಹೇಗೆ?"

"ಇಲ್ಲ ಹಿಲ್ಮಾ ಅತ್ತೆ, ಬೀರು ಬಾಗಿಲು ತೆಗೆಯೋದೇ ನೀವು ಬಂದಾಗ."

"ನಮ್ಮೂರ ಪಾದ್ರಿಗೆ ಇನ್ನೂ ದಾಲ್ವಿಕಿಯಾ ಅನ್ನಕ್ಕೆ ಬರಲ್ಲ ಕಣ್ರೀ. ದಾಲ್ವೀಕ ಅಂತಾರೆ. ಲ್ಯಾಟಿನ್ ಓದಿದೋರು! ನಾನು ಆರನೇ ಕ್ಲಾಸು, ನಾನೇ ತಿದ್ದಬೇಕು."

ಆ ಬನ್ನು ತಿನ್ನಲು ನನಗೆ ಮನಸ್ಸಾಗುತ್ತಿರಲಿಲ್ಲ. ಆದರೂ ತಿನ್ನುತ್ತಿದ್ದೆ. ಹೊರಡುವ ಮೊದಲು ಬುಟ್ಟಿ ಖಾಲಿಯಾಗಿದೆಯೋ ಇಲ್ಲವೋ ಎಂದು ಅವಳು ನೋಡುತ್ತಿದ್ದಳು.

ಈ ವರ್ಷ ಏಪ್ರಿಲ್‌ನಲ್ಲಿ ಸೋಲ್ವೈ ನನ್ನನ್ನು ಕೂಗಿದಳು. ಸೋಲ್ವೈ ನಮ್ಮಲ್ಲಿಗೆ ಹೊಸದಾಗಿ ಬಂದ ಸಸ್ಯವಿಜ್ಞಾನಿ, ಮೂವತ್ತು ತುಂಬಿಲ್ಲ. ಕಾಫಿ ಬಳಗದ ಎಲ್ಲ ಹಾಳೆಗಳನ್ನೂ ಮತ್ತೆ ಪರೀಕ್ಷಿಸುತ್ತಿದ್ದಳು.

"ಗುನ್‌ವೊರ್, ಒಂದ್ನಿಮಿಷ ಬನ್ನಿ."

"ಏನು ಡಾಕ್ಟರಮ್ಮ, ಮತ್ತೆ ಲೆನ್ಸ್ ಕಳ್ಕೊಂಡ್ರಾ? ಕುತ್ತಿಗೇಲೇ ನೇತಾಡ್ತಿದೆ ನೋಡಿ."

"ಲೆನ್ಸಲ್ಲ ರೀ. ಇಲ್ಲಿ ನೋಡಿ, ಈ ಹೂಗೊಂಚಲಿನ ಬುಡಕ್ಕೆ ಒಂದು ತೊಟ್ಟು ಬಿಸಿನೀರು ಬಿಟ್ಟೆ ಅಷ್ಟೇ, ಕಳಚಿ ಬಂತು. ಕೆಳಗಿರೋದು ಅಂಟು."

ನಾನು ನೋಡಿದೆ. ನೋಡಬೇಕಾದ ಅಗತ್ಯವೇ ಇರಲಿಲ್ಲ.

"ಕಾಂಡ, ಎಲೆ ಒಂದು ಗಿಡದ್ದು, ಹೂವು ಇನ್ನೊಂದರದ್ದು. ಹಸುವಿನ ಮೈಗೆ ಕೋಳಿ ತಲೆ!" ಸೋಲ್ವೈಗೆ ಖುಷಿ ತಡೆಯಲಾಗುತ್ತಿರಲಿಲ್ಲ. "ಎರಡೂ ಗೊತ್ತಿರೋ ಗಿಡಗಳೇ. ದಾಲ್ವಿಕಿಯಾ ಅನ್ನೋ ಕುಲ ಪ್ರಪಂಚದಲ್ಲೇ ಇಲ್ಲ. ಇಪ್ಪತ್ನಾಲ್ಕು ವರ್ಷ ಎಲ್ಲಾ ಪುಸ್ತಕದಲ್ಲೂ ಕೂತಿದೆ, ಒಬ್ಬರೂ ನೋಡಿಲ್ಲ."

"ಬರೀತೀರಾ?"

"ಬರೀದೆ ಮತ್ತೆ? ಆಗಲೇ ಬರೆದಾಯ್ತು," ಎಂದು ಟೈಪ್ ಮಾಡಿದ ಎರಡು ಹಾಳೆ ಕೈಗಿತ್ತಳು.

ದಾಲ್ವಿಕಿಯಾ ಹೆಸರು ಬಿದ್ದುಹೋಗುತ್ತದೆಂದು ನನಗೆ ಗೊತ್ತಿತ್ತು. ಯಾವತ್ತೋ ಒಂದು ದಿನ ಯಾರೋ ಜಾಣರು ಬಂದೇ ಬರುತ್ತಾರೆಂದು ವರ್ಷವರ್ಷವೂ ಕಾದಿದ್ದೆ. ನನಗೆ ಗೊತ್ತಿರದಿದ್ದದ್ದು ಎರಡನೇ ಪುಟದ ಒಂದು ಸಾಲು: "ಸಂಗ್ರಾಹಕನು ಅಜಾಗರೂಕತೆಯಿಂದ ಎರಡು ಗಿಡಗಳ ಭಾಗಗಳನ್ನು ಒಂದೇ ಸಂಖ್ಯೆಯಡಿ ಬೆರೆಸಿದ್ದಾನೆ, ಅವನ ಉಳಿದ ಮಾದರಿಗಳನ್ನೂ ಅನುಮಾನದಿಂದಲೇ ನೋಡುವುದು ಒಳಿತು."

"ಇದು ಯಾಕೆ ಬರೆದ್ರಿ?" ಎಂದೆ.

"ಮತ್ತಿನ್ಯಾರು ಬೆರೆಸಿರ್ತಾರೆ? ಪಾಪ, ಜ್ವರದಲ್ಲಿದ್ದ ಹುಡುಗ. ಅವನನ್ನ ಬೈತಿಲ್ಲ ನಾನು. ಆದರೆ ಓದೋರಿಗೆ ಎಚ್ಚರಿಕೆ ಕೊಡಬೇಕಲ್ಲ."

ನಾನು ನನ್ನ ಮೇಜಿಗೆ ವಾಪಸು ಬಂದು ಕೂತೆ. ಕೈಯಲ್ಲಿ ಅಂಟಿನ ಕುಂಚ ಹಿಡಿದು ಒಂದು ಗಂಟೆ ಏನೂ ಅಂಟಿಸಲಿಲ್ಲ. ಆ ಹುಡುಗ ಕಳಿಸಿದ ನಾನೂರಕ್ಕೂ ಮಿಕ್ಕಿದ ಗಿಡಗಳಲ್ಲಿ ಪ್ರತಿಯೊಂದನ್ನೂ ನಾನು ನನ್ನ ಕೈಯಾರೆ ಬಿಡಿಸಿದ್ದೆ. ಅಂಥ ಅಚ್ಚುಕಟ್ಟಾದ ಕೆಲಸ ನಾನು ಮತ್ತೆ ಕಂಡಿಲ್ಲ. ಪ್ರತಿ ಎಲೆಯನ್ನೂ ಬಿಡಿಸಿಟ್ಟಿದ್ದ, ಒಂದೆರಡನ್ನು ಹಿಂಬದಿ ಕಾಣುವ ಹಾಗೆ ಮಗುಚಿಟ್ಟಿದ್ದ, ನಡುವೆ ನಡುವೆ ಹಳೆಯ ಸ್ಪ್ಯಾನಿಷ್ ಪತ್ರಿಕೆಯ ಹಾಳೆ. ಅಜಾಗರೂಕನಂತೆ! ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಸಿಟ್ಟು ಯಾರ ಮೇಲೆ ಮಾಡಿಕೊಳ್ಳಬೇಕೆಂದು ನೋಡಿದರೆ ಅಲ್ಲಿದ್ದದ್ದು ನಾನೊಬ್ಬಳೇ.

ನಡೆದದ್ದು ಇಷ್ಟು. ನಮ್ಮ ಕೆಲಸದಲ್ಲಿ ಒಂದು ಕಟ್ಟಳೆ ಇದೆ: ಮೇಜಿನ ಮೇಲೆ ಒಮ್ಮೆಗೆ ಒಂದೇ ಗಿಡದ ಕಾಗದದ ಹೊದಿಕೆ ತೆರೆದಿರಬೇಕು. ಏನಾದರೂ ಉದುರಿದರೆ ಆ ಗಿಡದ್ದೇ ಎಂದು ಖಾತ್ರಿಯಿದ್ದರೆ ಮಾತ್ರ ಪುಟ್ಟ ಪೊಟ್ಟಣ ಕಟ್ಟಿ ಹಾಳೆಯ ಮೂಲೆಗೆ ಅಂಟಿಸಬೇಕು. ಖಾತ್ರಿಯಿಲ್ಲದಿದ್ದರೆ ಒಲೆಗೆ ಹಾಕಬೇಕು. ಊಹೆ ಮಾಡುವಂತಿಲ್ಲ. ನಾನು ಸೇರಿ ಮೂರನೇ ವಾರ, ಆಗಸ್ಟ್ ತಿಂಗಳು. ಆ ಸಂಜೆ ಸೀಗಡಿ ಊಟಕ್ಕೆ ಗೆಳತಿಯರು ಕೆರೆಯ ದಡದಲ್ಲಿ ಕಾಯುತ್ತಿದ್ದರು. ಬೇಗ ಮುಗಿಸೋಣವೆಂದು ಎರಡು ಹೊದಿಕೆ ಒಟ್ಟಿಗೆ ತೆರೆದೆ. ಒಣಗಿದ ಗಿಡದ ಧೂಳಿಗೆ ಸೀನು ಬಂತು. ಕಣ್ಣು ಬಿಟ್ಟಾಗ ಮೂರು ಹೂವಿನ ಒಂದು ಗೊಂಚಲು ಎರಡು ಗಿಡಗಳ ನಡುವೆ ಮೇಜಿನ ಮೇಲೆ ಬಿದ್ದಿತ್ತು.

ಒಂದು ಗಿಡದಲ್ಲಿ ಅಂಥವೇ ಹೂವು ಬೇಕಾದಷ್ಟಿದ್ದವು, ಒಣಗಿ ಮುದುಡಿದ್ದರಿಂದ ಒಂದರಂತೆ ಒಂದು ಕಾಣುತ್ತಿರಲಿಲ್ಲ. ಇನ್ನೊಂದು ಬರೀ ಎಲೆ, ತುದಿಯಲ್ಲಿ ಮುರಿದ ತೊಟ್ಟು. ಹಿಂದಿನ ದಿನವಷ್ಟೇ ಪ್ರೊಫೆಸರರು ಎಲ್ಲರೆದುರು ನನ್ನನ್ನು ಗದರಿದ್ದರು. "ಹೂವೆಲ್ಲಾ ಉದುರಿಸಿ ಕಡ್ಡಿ ಅಂಟಿಸ್ತೀಯಲ್ಲಮ್ಮಾ, ಪೊರಕೆ ಕಟ್ಟೋಕೆ ಬಂದಿದೀಯಾ?" ಬೋಳು ತೊಟ್ಟು ನೋಡಿ, ನಾನೇ ಉದುರಿಸಿರಬೇಕೆಂದು ಹೆದರಿ, ಅಲ್ಲಿಗೆ ಗೊಂಚಲನ್ನು ಅಂಟಿಸಿದೆ. ಚೆನ್ನಾಗಿಯೇ ಅಂಟಿಸಿದೆ. ಆಮೇಲೆ ಸೀಗಡಿ ತಿನ್ನಲು ಹೋದೆ.

ಎರಡು ತಿಂಗಳ ನಂತರ ಪ್ರೊಫೆಸರರು ಮಹಡಿಯವರನ್ನೆಲ್ಲ ಕರೆದು ಹಾಳೆ ಎತ್ತಿ ಹಿಡಿದಾಗ ನಾನು ಅಂಟಿಸಿದ ಗೊಂಚಲನ್ನು ಗುರುತಿಸಿದೆ. ಆ ಮುಂಗೋಪಿ ಮನುಷ್ಯನ ಕಣ್ಣಲ್ಲಿ ನೀರಿತ್ತು. "ಫೋಲ್ಕೆ ಸುಮ್ಮನೆ ಸಾಯಲಿಲ್ಲ," ಎಂದರು. ನಾಳೆ ಹೇಳೋಣ ಎಂದುಕೊಂಡೆ. ಮಾರನೇ ದಿನ ಅವನ ತಾಯಿಯನ್ನು ಕರೆಸಿದ್ದರು. ಅವಳು ಹಾಳೆಯ ಮುಂದೆ ಕೂತು ಮಗನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಅದನ್ನು ಕಂಡ ಮೇಲೆ ನನ್ನ ಬಾಯಿ ಕಟ್ಟಿಹೋಯಿತು. ಮೊದಲ ವರ್ಷ ಹೇಳದ್ದನ್ನು ಎರಡನೇ ವರ್ಷ ಹೇಳುವುದು ಇನ್ನೂ ಕಷ್ಟ, ಹತ್ತನೇ ವರ್ಷದ ಮಾತಂತೂ ಬೇಡ.

ಈಗ ಹೆಸರು ಬಿದ್ದುಹೋಗುವುದರ ಜೊತೆಗೆ ಆ ಹುಡುಗನ ಮರ್ಯಾದೆಯೂ ಹೋಗುತ್ತದೆ, ಅದೂ ಅಚ್ಚಿನಲ್ಲಿ. ಅವನ ಪರವಾಗಿ ಮಾತಾಡಬಲ್ಲವಳು ಭೂಮಿಯ ಮೇಲೆ ನಾನೊಬ್ಬಳೇ. ಎದ್ದು ಸೋಲ್ವೈ ಬಳಿ ಹೋದೆ.

"ಅಂಟಿಸಿದ್ದು ನಾನು," ಎಂದೆ.

"ಎಲ್ಲಾ ಹಾಳೇನೂ ನೀವೇ ಅಂಟಿಸಿದ್ದು. ಅದು ಗೊತ್ತಿದೆ."

"ಆ ಹೂವನ್ನ ಅಲ್ಲಿಗೆ ಅಂಟಿಸಿದ್ದು ನಾನು. ಅವನಲ್ಲ."

ಎಲ್ಲವನ್ನೂ ಹೇಳಿದೆ, ಸೀನನ್ನೂ ಬಿಡಲಿಲ್ಲ. ಸೋಲ್ವೈ ಪೆನ್ಸಿಲ್ ಕೆಳಗಿಟ್ಟು ನನ್ನನ್ನೇ ನೋಡುತ್ತ ಕೂತಳು. ಅವಳ ಮುಖದಲ್ಲಿದ್ದ ಖುಷಿ ಇಳಿದುಹೋಗಿತ್ತು.

"ಇಪ್ಪತ್ನಾಲ್ಕು ವರ್ಷ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

"ನನಗೆ ಬೈಯೋಕೆ ಬಾಯಿ ತುಂಬಾ ಮಾತಿದೆ ಗುನ್‌ವೊರ್. ನೀವು ನನಗಿಂತ ದೊಡ್ಡೋರು, ಅದಕ್ಕೇ ಸುಮ್ಮನಿದೀನಿ." ಟೈಪ್ ಮಾಡಿದ ಹಾಳೆಗಳನ್ನು ಪಕ್ಕಕ್ಕೆ ಸರಿಸಿ ಅಂದಳು, "ಬರೀ ನಿಮ್ಮ ಮಾತು ಸಾಲಲ್ಲ. ಅವನ ನೋಟ್‌ಬುಕ್ ಇರಬೇಕಲ್ಲ, ನೋಡೋಣ."

ಕಾಡಿನಲ್ಲಿ ಬರೆದುಕೊಂಡ ನೋಟ್‌ಬುಕ್ ಕೆಳಗಿನ ಕೋಣೆಯ ತಗಡಿನ ಪೆಟ್ಟಿಗೆಯಲ್ಲಿತ್ತು. ಹೆದರಿಕೆಯಿಂದ ನಾನು ಅದನ್ನು ಎಂದೂ ತೆರೆದಿರಲಿಲ್ಲ. ಸೋಲ್ವೈ ನಮ್ಮ ಹಾಳೆಯ ಸಂಖ್ಯೆ ಹುಡುಕಿ, ಬೆರಳಿಟ್ಟು ಓದಿದಳು. "ನಾನೂರ ಹನ್ನೊಂದು. ಬಳ್ಳಿ. ಹೂವು ಬಿಳಿ, ಒಳಗೆ ನೇರಳೆ ಗೆರೆ, ಗೊಂಚಲಿಗೆ ಮೂರು. ನಾನೂರ ಹನ್ನೆರಡು. ಪೊದೆ, ಎದೆಯೆತ್ತರ. ಹೂವಿಲ್ಲ. ಎರಡು ಸಲ ಹುಡುಕಿದೆ."

ಆ ಸಾಲಿನ ಪಕ್ಕದಲ್ಲಿ ಪ್ರೊಫೆಸರ್ ಲಿಂಡ್‌ಮಾರ್ಕ್ ಅವರ ಅಕ್ಷರ, ಕೆಂಪು ಪೆನ್ಸಿಲ್‌ನಲ್ಲಿ ಒಂದೇ ಪದ: "ಜ್ವರ?"

"ಹುಡುಗ ಸರಿಯಾಗಿ ಬರೆದಿದ್ದಾನೆ," ಎಂದಳು ಸೋಲ್ವೈ ಮೆಲ್ಲಗೆ. "ಅವನು ಬರೆದದ್ದನ್ನ ಬಿಟ್ಟು ನಿಮ್ಮ ಅಂಟನ್ನ ನಂಬಿದಾರೆ." ಆಮೇಲೆ ತನ್ನ ಎರಡನೇ ಪುಟ ತೆಗೆದು ಆ ಸಾಲಿನ ಮೇಲೆ ಕಾಟು ಹೊಡೆದಳು. "ನಿಮ್ಮ ಹೆಸರು ಹಾಕಬೇಕಾಗುತ್ತೆ. ಲೇಖನದಲ್ಲೂ, ಹಾಳೆ ಮೇಲೂ. ಆಗಬಹುದಾ?"

"ಹಾಕಿ."

"ನಿರ್ದೇಶಕರು ಸುಮ್ಮನಿರಲ್ಲ."

"ಅದೂ ಗೊತ್ತು. ಹಾಕಮ್ಮಾ."

ಹಿಲ್ಮಾ ಅತ್ತೆಗೆ ಪತ್ರ ಬರೆಯಬಹುದಿತ್ತು. ಮೂರು ಸಲ ಬರೆದು ಹರಿದೆ. ನಾನು ಕೇಳುವ ಮೊದಲೇ ಸೋಲ್ವೈ ನೋಟ್‌ಬುಕ್ಕನ್ನು ನನ್ನ ಕೈಗಿಟ್ಟು, "ಸೋಮವಾರದೊಳಗೆ ವಾಪಸ್ ತನ್ನಿ," ಎಂದಳು. ಶನಿವಾರ ಬೆಳಗ್ಗೆ ರೈಲು ಹತ್ತಿದೆ.

ಹಿಲ್ಮಾ ಅತ್ತೆ ಬಾಗಿಲು ತೆಗೆದವಳೇ ಗಡಿಯಾರ ನೋಡಿದಳು. "ಹುಟ್ಟಿದ ದಿನಕ್ಕೆ ಇನ್ನೂ ಮೂರು ವಾರ ಇದೆ. ನಾನು ಬರೋದು, ನೀವಲ್ಲ. ಏನು, ಬೀರು ಸುಟ್ಟುಹೋಯ್ತಾ?"

"ಒಳಗೆ ಬರ್ಲಾ ಅತ್ತೆ?"

"ಬನ್ನಿ ಬನ್ನಿ. ಕಾಫಿ ಇಡ್ತೀನಿ."

"ಕಾಫಿ ಆಮೇಲೆ. ನನ್ನ ಮಾತು ಕೇಳಿದ ಮೇಲೂ ಕೊಡಬೇಕು ಅನ್ನಿಸಿದ್ರೆ ಕೊಡಿ."

ಅಡುಗೆಮನೆಯ ಮೇಜಿನ ಎರಡು ಬದಿ ಕೂತೆವು. ಕೋಟು ಬಿಚ್ಚದೆಯೇ ಹೇಳಿದೆ, ಸುತ್ತಿಬಳಸದೆ ಹೇಳಿದೆ. ಅವಳು ಮೇಜುಬಟ್ಟೆಯ ಅಂಚನ್ನು ಮಡಿಸುತ್ತಿದ್ದಳು, ಬಿಡಿಸುತ್ತಿದ್ದಳು.

"ಹಾಗಾದ್ರೆ ಅಂಥ ಗಿಡಾನೇ ಇಲ್ಲ," ಎಂದಳು ಕೊನೆಗೆ.

"ಇಲ್ಲ."

"ಅವನಪ್ಪನ ಸಮಾಧಿ ಕಲ್ಲಿನ ಮೇಲೆ ಕೆತ್ತಿಸಿದೀನಿ. ಫೋಲ್ಕೆ, ಕೆಳಗೆ ದಾಲ್ವಿಕಿಯಾ. ಅಲ್ಲಿ ಮಣ್ಣು ಮಾಡೋಕೆ ಅವನು ಸಿಗಲಿಲ್ಲ, ಹೆಸರಾದ್ರೂ ಇರಲಿ ಅಂತ." ಅವಳ ದನಿ ಗಟ್ಟಿಯಾಯಿತು. "ಈಗ ಆ ಹೆಸರನ್ನ ಇನ್ಯಾರಿಗಾದ್ರೂ ಕೊಡ್ತಾರಾ? ನಮ್ಮ ಚರ್ಚಿನ ಅಂಗಳದಲ್ಲಿ ವಾರಸುದಾರರಿಲ್ಲದ ಜಾಗಾನ ಇನ್ನೊಬ್ಬರಿಗೆ ಕೊಡ್ತಾರಲ್ಲ, ಹಾಗೆ?"

"ಇಲ್ಲ ಅತ್ತೆ. ಒಂದ್ಸಲ ಅಚ್ಚಾದ ಹೆಸರು ಬಿದ್ದುಹೋದ್ರೂ ಪಟ್ಟಿಯಲ್ಲಿ ಇದ್ದೇ ಇರುತ್ತೆ. ಬೇರೆ ಯಾವ ಗಿಡಕ್ಕೂ ಅದನ್ನ ಇಡೋ ಹಾಗಿಲ್ಲ."

"ಹಂಗಾದ್ರೆ ಕಲ್ಲು ಇರಲಿ." ನನ್ನ ಕಡೆ ತಿರುಗಿದಳು. "ಪ್ರತಿ ವರ್ಷ ನನ್ನೆದುರಿಗೆ ಕೂತು ನನ್ನ ಬನ್ನು ತಿಂದ್ಯಲ್ಲ. ನಾಚಿಕೆ ಆಗಲಿಲ್ವಾ ನಿನಗೆ?"

ಅಷ್ಟು ವರ್ಷದಲ್ಲಿ ಅವಳು ನನ್ನನ್ನು ನೀನು ಎಂದದ್ದು ಅದೇ ಮೊದಲು. "ಆಗ್ತಿತ್ತು ಅತ್ತೆ," ಎಂದೆ. "ಹೇಳೋಕೆ ಧೈರ್ಯ ಇರಲಿಲ್ಲ."

"ಈಗ ಎಲ್ಲಿಂದ ಬಂತು?"

"ತಪ್ಪು ಫೋಲ್ಕೇದು ಅಂತ ಬರೆಯೋರಿದ್ರು. ಅದು ಸುಳ್ಳು. ಅವನು ಬರೆದಿಟ್ಟಿದ್ದ, ನೋಡಿ." ನೋಟ್‌ಬುಕ್ ತೆಗೆದು ಆ ಪುಟ ತೋರಿಸಿದೆ. ಅವಳ ಕಣ್ಣಿಗೆ ಅಷ್ಟು ಸಣ್ಣ ಅಕ್ಷರ ಕಾಣುವುದಿಲ್ಲ, ಆದ್ದರಿಂದ ನಾನೇ ಓದಿದೆ. ಹೂವಿಲ್ಲ. ಎರಡು ಸಲ ಹುಡುಕಿದೆ.

ಹಿಲ್ಮಾ ಅತ್ತೆ ಎದ್ದು ನಿಂತಳು. ಮತ್ತೆ ಕೂತಳು.

"ಅದು ಯಾವ ದಿನ ಬರೆದದ್ದು?"

ತಾರೀಖು ಹೇಳಿದೆ. ಅವನು ಸಾಯುವುದಕ್ಕೆ ಒಂಬತ್ತು ದಿನ ಮೊದಲು.

"ಪ್ರೊಫೆಸರ್ ನನಗೆ ಕಾಗದ ಬರೆದಿದ್ರು," ಎಂದಳು. ಒಂದೊಂದೇ ಮಾತನ್ನು ಹುಡುಕಿ ತೆಗೆಯುತ್ತಿದ್ದಳು. "ಕೊನೇ ಹತ್ತು ದಿನ ಅವನಿಗೆ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ ಅಂತ. ಎದುರಿಗೆ ಹೂವಿದ್ರೂ ಹೂವಿಲ್ಲ ಅಂತ ಬರೆದಿದ್ದಾನೆ, ಪಾಪ, ಏನೂ ತಿಳೀತಿರಲಿಲ್ಲ ಅಂತ. ಸಮಾಧಾನಕ್ಕೆ ಬರೆದ್ರು. ನೋಟ್‌ಬುಕ್ ತೋರಿಸಿ ಅಂದೆ, ಬೇಡಮ್ಮಾ, ನೋಡಬೇಡಿ ಅಂದ್ರು." ಅವಳು ತನ್ನೆರಡು ಕೈಯನ್ನೂ ಮೇಜಿನ ಮೇಲೆ ಚಾಚಿಟ್ಟಳು. "ನನ್ನ ಮಗ ಹುಚ್ಚನ ಹಾಗೆ ಕಾಡಲ್ಲಿ ಕೂಗಾಡ್ತಾ, ನನ್ನ ಹೆಸರೂ ನೆನಪಿಲ್ಲದೆ ಸತ್ತ ಅಂತ ಇಪ್ಪತ್ನಾಲ್ಕು ವರ್ಷದಿಂದ ಅಂದ್ಕೊಂಡಿದೀನಿ. ದಿನಾ ಅಂದ್ಕೊಂಡಿದೀನಿ ಗುನ್‌ವೊರ್."

ನನಗೆ ಅದು ಗೊತ್ತಿರಲಿಲ್ಲ. ಒಂದು ಗಿಡದ ಹೆಸರಿನ ಸುಳ್ಳನ್ನು ಮಾತ್ರ ಹೊತ್ತಿದ್ದೇನೆಂದು ತಿಳಿದಿದ್ದೆ. ನಾನು ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಅವಳು ನನ್ನನ್ನು ಸಂತೈಸಲಿಲ್ಲ, ಸಂತೈಸಬೇಕಾಗಿಯೂ ಇರಲಿಲ್ಲ.

"ಅವನಿಗೆ ಬುದ್ಧಿ ಸರಿಯಾಗೇ ಇತ್ತು ಅಲ್ವಾ?" ಎಂದಳು. "ಸರಿಯಾಗಿ ಹೇಳು. ನನ್ನನ್ನ ಸಮಾಧಾನ ಮಾಡೋಕೆ ಹೇಳಬೇಡ."

"ಸರಿಯಾಗೇ ಇತ್ತು ಅತ್ತೆ. ಅಕ್ಷರ ಸ್ವಲ್ಪ ನಡುಗಿದೆ. ಬರೆದದ್ದು ಒಂದೂ ತಪ್ಪಿಲ್ಲ. ಸೋಲ್ವೈ ಎಲ್ಲಾನೂ ಹಾಳೆ ಜೊತೆ ಹೋಲಿಸಿ ನೋಡಿದಾಳೆ."

"ಮುಂದೆ ಓದು. ಕೊನೇವರೆಗೆ."

ಓದಿದೆ. ನಾನೂರ ಹದಿಮೂರು, ಜರಿಗಿಡ, ಬಂಡೆಯ ನೆರಳಲ್ಲಿ. ನಾನೂರ ಹದಿನೆಂಟು, ಮರ, ತೊಗಟೆಗೆ ಮೆಣಸಿನ ವಾಸನೆ. ಒಂದು ಕಡೆ, ಇವತ್ತು ನಡೆಯಲಾಗಲಿಲ್ಲ, ಗುಡಾರದ ಬಾಗಿಲಲ್ಲಿದ್ದದ್ದನ್ನೇ ಕಿತ್ತೆ ಎಂದಿತ್ತು. ಕಡೆಯದು ನಾನೂರ ಮೂವತ್ತೊಂದು: "ಗಿಡ್ಡ ಪೊದೆ. ಮೊಗ್ಗು ಮಾತ್ರ. ನಾಳೆ ಅರಳಬಹುದು, ನೋಡಬೇಕು." ಅದರ ಮುಂದಿನ ಪುಟಗಳು ಖಾಲಿ.

ನಾನು ಪುಸ್ತಕ ಮುಚ್ಚಿದೆ. ಅವಳು ಕಣ್ಣೊರೆಸಿಕೊಳ್ಳಲಿಲ್ಲ. ನೀರು ಸುಮ್ಮನೆ ಕೆನ್ನೆಯ ಮೇಲೆ ಹರಿಯುತ್ತಿತ್ತು, ಮುಖದಲ್ಲಿ ಮಾತ್ರ ನಾನು ಯಾವ ಮೇ ತಿಂಗಳಲ್ಲೂ ಕಂಡಿರದ ಒಂದು ನೆಮ್ಮದಿ ಇತ್ತು.

"ನಿನ್ನನ್ನ ಕ್ಷಮಿಸೋಕೆ ನನಗೆ ಆಗುತ್ತೋ ಇಲ್ವೋ ಗೊತ್ತಿಲ್ಲ," ಎಂದಳು. "ಅದನ್ನ ಆಮೇಲೆ ನೋಡೋಣ. ನಿನ್ನ ರೈಲು ಎಷ್ಟು ಗಂಟೆಗೆ?"

"ಎರಡೂವರೆಗೆ."

"ಅದನ್ನ ಬಿಡು, ಆರಕ್ಕೆ ಇನ್ನೊಂದಿದೆ." ಅವಳು ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು ಕೂತಳು. "ಕೋಟು ಬಿಚ್ಚು. ಒಂದನೇ ನಂಬರಿನಿಂದ ಓದು."